ಹೊಗೆಸೊಪ್ಪಿನ ಬೇಸಾಯಗಾರ ಜಾನ್ ರೋಲ್ಫ್: ಅವನ ಬೆಳೆ ಮತ್ತು ಬಂಧುಬಳಗ



ಪರ್ಕಳ, ಹಿರಿಯಡಕ, ಆತ್ರಾಡಿ ಕಡೆಯ ಹಳೆಯ ಮನೆಗಳಲ್ಲಿ ಬಂದವರ ಮುಂದೆ ಎಲೆ ಅಡಿಕೆಯ ಹರಿವಾಣ ಇಡುವುದು ವಾಡಿಕೆ. ಅದರಲ್ಲಿನ ವೀಳ್ಯದೆಲೆಯೂ ಅಡಿಕೆಯೂ ನಮ್ಮ ತೋಟದವು. ಸುಣ್ಣ ನಮ್ಮ ಹೊಳೆಯ ಚಿಪ್ಪನ್ನು ಸುಟ್ಟು ಮಾಡಿದ್ದು. ಹೊಗೆಸೊಪ್ಪು ಮಾತ್ರ ಹೊರಗಿನಿಂದ ಕೊಂಡು ತಂದದ್ದು. ನಮ್ಮ ಜಿಲ್ಲೆಯ ಸಾವಿರಾರು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ತೂಗಿಸಿದ್ದಾರೆ. ಆ ಬೀಡಿಯ ಹುಡಿಯೂ ನಮ್ಮ ಗದ್ದೆಯದಲ್ಲ. ಹೀಗೆ ನಾವು ಬೆಳೆಯದ ಬೆಳೆಯೊಂದು ನಮ್ಮ ಮನೆಗಳ ಜಮಾ ಖರ್ಚಿನೊಳಗೆ ಸೇರಿಕೊಂಡಿದೆ.

ಇಂಗ್ಲಿಷರ ವಸಾಹತಿನಲ್ಲಿ ಈ ಬೆಳೆಯನ್ನು ಮೊದಲು ವ್ಯಾಪಾರದ ಬೆಳೆಯಾಗಿ ಮಾಡಿದವನು ಜಾನ್ ರೋಲ್ಫ್ ಎಂಬ ಬೇಸಾಯಗಾರ. ನಾನೂರು ವರ್ಷಗಳ ಹಿಂದೆ ಅಮೆರಿಕದ ವರ್ಜೀನಿಯಾದಲ್ಲಿ ಅವನು ಸಾಗುವಳಿ ಮಾಡಿದನು. ಅವನ ವೃತ್ತಾಂತವನ್ನು ಇಲ್ಲಿ ವಿವರಿಸುವುದು ಹೊಗೆಸೊಪ್ಪು ಬೆಳೆಯಿರೆಂದು ಹೇಳುವುದಕ್ಕಲ್ಲ. ಆರೋಗ್ಯದ ದೃಷ್ಟಿಯಿಂದ ಅದನ್ನು ಯಾರಿಗೂ ಶಿಫಾರಸು ಮಾಡುವಂತಿಲ್ಲ. ಹೊಸದೊಂದು ಹಣದ ಬೆಳೆ ಬಂದಾಗ ಬೀಜ, ನೆಲ, ಆಳು, ಬೆಲೆ, ಮನೆತನ ಈ ಐದೂ ಹೇಗೆ ಅಲುಗಾಡುತ್ತವೆ ಎಂಬುದಕ್ಕೆ ರೋಲ್ಫನ ಸಂಸಾರದಷ್ಟು ಸ್ಪಷ್ಟವಾದ ಉದಾಹರಣೆ ಅಪರೂಪ. ಗದ್ದೆಗಳಲ್ಲಿ ಅಡಿಕೆ ಸಸಿ ಏಳುತ್ತಿರುವ ಈ ಕಾಲದಲ್ಲಿ ನೀವು ಅದನ್ನು ತಿಳಿದಿರುವುದು ಒಳ್ಳೆಯದು.

ಬೆಳೆಯ ಕುಲ

ಮೊದಲು ಗಿಡವನ್ನು ನೋಡೋಣ. ಹೊಗೆಸೊಪ್ಪು ಬದನೆಯ ಕುಟುಂಬಕ್ಕೆ ಸೇರಿದ್ದು. ಮಟ್ಟುವಿನ ಗುಳ್ಳ, ಮೆಣಸಿನಕಾಯಿ, ಟೊಮೆಟೊ, ಬಟಾಟೆ ಇವೆಲ್ಲ ಅದರ ದಾಯಾದಿಗಳು. ಸಾಗುವಳಿಯಲ್ಲಿರುವ ಹೊಗೆಸೊಪ್ಪಿನಲ್ಲಿ ಎರಡು ಮುಖ್ಯ ಜಾತಿಗಳಿವೆ. ಒಂದು ನಿಕೋಟಿಯಾನಾ ಟಬಾಕಮ್. ಎತ್ತರವಾಗಿ ಬೆಳೆದು ಅಗಲವಾದ ಎಲೆ ಬಿಡುತ್ತದೆ, ಹೂವು ನಸುಗೆಂಪು. ಇನ್ನೊಂದು ನಿಕೋಟಿಯಾನಾ ರಸ್ಟಿಕಾ. ಗಿಡ್ಡ ಗಿಡ, ದಪ್ಪ ಎಲೆ, ಹಳದಿ ಹೂವು, ಘಾಟು ಹೆಚ್ಚು. ಇವೆರಡೂ ದಕ್ಷಿಣ ಅಮೆರಿಕದಲ್ಲಿ ಕಾಡುಜಾತಿಗಳು ತಾವಾಗಿಯೇ ಬೆರೆತು ಹುಟ್ಟಿದ ಮಿಶ್ರತಳಿಗಳೆಂದು ಸಸ್ಯಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ.

ಬೀಜ ಬಹಳ ಸಣ್ಣದು. ಒಂದು ಗ್ರಾಂ ತೂಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬೀಜಗಳಿರುತ್ತವೆ. ಆದ್ದರಿಂದ ಇದನ್ನು ನೇರವಾಗಿ ಬಿತ್ತುವುದಿಲ್ಲ. ಸಸಿಮಡಿ ಮಾಡಿ, ಸಸಿ ಎಬ್ಬಿಸಿ, ನಾಟಿ ಮಾಡಬೇಕು. ಬೀಜ ಇಷ್ಟು ಸಣ್ಣದಾದ್ದರಿಂದಲೇ ಒಂದು ಚಿಟಿಕೆ ಬೀಜ ಸಮುದ್ರ ದಾಟಿ ಬಂದರೆ ಹೊಲವೆಲ್ಲ ತುಂಬಿಸಬಹುದು. ರೋಲ್ಫನ ಕಾಲದಲ್ಲಿ ಹೀಗೆಯೇ ಆಯಿತು.

ರೋಲ್ಫ್ ಯಾರು?

ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಹೀಚಮ್ ಊರಿನಲ್ಲಿ 1585ರಲ್ಲಿ ಹುಟ್ಟಿದವನೆಂದು ಸಾಮಾನ್ಯವಾಗಿ ಹೇಳುತ್ತಾರೆ. 1607ರಲ್ಲಿ ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ನೆಲೆ ಹಾಕಿದ್ದರು. 1609ರಲ್ಲಿ ರೋಲ್ಫನು ಹೆಂಡತಿಯೊಡನೆ 'ಸೀ ವೆಂಚರ್' ಹಡಗು ಹತ್ತಿ ಅಲ್ಲಿಗೆ ಹೊರಟನು. ಬಿರುಗಾಳಿಗೆ ಸಿಕ್ಕಿ ಹಡಗು ಬರ್ಮುಡಾ ದ್ವೀಪದ ಬಂಡೆಗಳಿಗೆ ತಗಲಿತು. ಜನರು ಅಲ್ಲಿ ಸುಮಾರು ಹತ್ತು ತಿಂಗಳು ಕಳೆದರು. ಆ ದ್ವೀಪದಲ್ಲೇ ಅವನಿಗೆ ಹೆಣ್ಣು ಮಗು ಹುಟ್ಟಿತು, ಅದಕ್ಕೆ ಬರ್ಮುಡಾ ಎಂದೇ ಹೆಸರಿಟ್ಟರು. ಮಗು ಉಳಿಯಲಿಲ್ಲ. ಸ್ವಲ್ಪ ಕಾಲದಲ್ಲೇ ಹೆಂಡತಿಯೂ ತೀರಿಕೊಂಡಳು.

1610ರ ಮೇ ತಿಂಗಳಲ್ಲಿ ಅವನು ಜೇಮ್ಸ್‌ಟೌನ್ ತಲುಪಿದಾಗ ಅಲ್ಲಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಹಿಂದಿನ ಚಳಿಗಾಲದಲ್ಲಿ ಜನರು ಹಸಿವಿನಿಂದ ಸತ್ತು, ಕೋಟೆಯಲ್ಲಿ ಉಳಿದವರು ಸುಮಾರು 60 ಮಂದಿ. ಸುತ್ತಲಿನ ಮೂಲನಿವಾಸಿಗಳು ಮೆಕ್ಕೆಜೋಳ, ಅವರೆ, ಕುಂಬಳ ಬೆಳೆದು ಉಣ್ಣುತ್ತಿದ್ದರು. ಅವರಲ್ಲಿ ಹೊಲದ ಕೆಲಸ ಹೆಂಗಸರ ಕೈಯಲ್ಲಿತ್ತು. ಬಂದ ಇಂಗ್ಲಿಷರಿಗೆ ಮಾತ್ರ ತಮ್ಮ ಅನ್ನ ತಾವು ಬೆಳೆದುಕೊಳ್ಳಲು ಆಗಿರಲಿಲ್ಲ. ಊರಿಗೆ ಕಳಿಸಿ ಮಾರುವಂಥ ಸರಕೂ ಇರಲಿಲ್ಲ. ವಸಾಹತಿಗೆ ಬಂಡವಾಳ ಹಾಕಿದ ಲಂಡನ್ನಿನ ಕಂಪನಿಗೆ ನಷ್ಟದ ಮೇಲೆ ನಷ್ಟ ಬರುತ್ತಿತ್ತು.

ಬೀಜ ಮತ್ತು ಹದ

ವರ್ಜೀನಿಯಾದ ಮೂಲನಿವಾಸಿಗಳು ಬೆಳೆಯುತ್ತಿದ್ದುದು ರಸ್ಟಿಕಾ ಜಾತಿ. ಅದರ ಘಾಟು ಇಂಗ್ಲೆಂಡಿನವರಿಗೆ ಹಿಡಿಸಲಿಲ್ಲ. ಅವರು ಸ್ಪೇನಿನವರ ವಸಾಹತುಗಳಿಂದ ಬರುವ ಟಬಾಕಮ್ ಜಾತಿಯ ಎಲೆಯನ್ನು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಿದ್ದರು. ಟ್ರಿನಿಡಾಡ್ ಕಡೆಯ ಆ ಬೀಜವನ್ನು ರೋಲ್ಫನು ತರಿಸಿ, 1612ರ ಹೊತ್ತಿಗೆ ಪ್ರಯೋಗವಾಗಿ ಬೆಳೆದನು. ಒಂದೆರಡು ವರ್ಷಗಳಲ್ಲಿ ಮೊದಲ ಸಣ್ಣ ರವಾನೆ ಇಂಗ್ಲೆಂಡಿಗೆ ಹೋಯಿತು.

ಬೀಜ ಬದಲಾದರೆ ಸಾಲದು, ಎಲೆಯನ್ನು ಹದ ಮಾಡುವ ಕ್ರಮವೂ ಬದಲಾಗಬೇಕಿತ್ತು. ಮೊದಮೊದಲು ಕೊಯ್ದ ಎಲೆಯನ್ನು ರಾಶಿ ಹಾಕಿ ಬೆವರಿಸುತ್ತಿದ್ದರು. ರಾಶಿಯ ಒಳಗಿನ ಎಲೆ ಕೊಳೆಯುತ್ತಿತ್ತು. 1619ರ ಸುಮಾರಿಗೆ ಎಲೆಗಳನ್ನು ಹಗ್ಗಕ್ಕೆ ಪೋಣಿಸಿ ತೂಗುಹಾಕಿ ಗಾಳಿಯಲ್ಲಿ ಒಣಗಿಸುವ ಕ್ರಮ ಬಂದಿತು. ಇದರಿಂದ ಎಲೆಯ ಗುಣ ಸುಧಾರಿಸಿತು. ಅಡಿಕೆಯನ್ನು ಅಂಗಳದಲ್ಲಿ ದಪ್ಪವಾಗಿ ಹರವಿದರೆ ಬೂಸ್ಟು ಹಿಡಿಯುವುದೂ ತೆಳುವಾಗಿ ಹರವಿದರೆ ಬಣ್ಣ ಬರುವುದೂ ನಿಮಗೆ ಗೊತ್ತಿರುವ ಸಂಗತಿ. ಯಾವ ಬೆಳೆಯಾದರೂ ಅರ್ಧ ಬೆಲೆ ಹೊಲದಲ್ಲಿ, ಅರ್ಧ ಬೆಲೆ ಕೊಯ್ಲಿನ ನಂತರದ ಕೆಲಸದಲ್ಲಿ.

ಮದುವೆಯ ಸಂಬಂಧ

ಆ ಸೀಮೆಯ ಮೂವತ್ತರಷ್ಟು ಬುಡಕಟ್ಟುಗಳ ಹಿರಿಯ ನಾಯಕನನ್ನು ಇಂಗ್ಲಿಷರು ಪೌಹಾಟನ್ ಎಂದು ಕರೆಯುತ್ತಿದ್ದರು. ಅವನ ಮಗಳು ಪೊಕಾಹೊಂಟಾಸ್. 1613ರಲ್ಲಿ ಇಂಗ್ಲಿಷರು ಅವಳನ್ನು ಉಪಾಯದಿಂದ ಹಡಗಿಗೆ ಹತ್ತಿಸಿ ಒತ್ತೆಯಾಳಾಗಿ ಇಟ್ಟುಕೊಂಡರು. ಸೆರೆಯಲ್ಲಿರುವಾಗಲೇ ಅವಳಿಗೆ ಕ್ರೈಸ್ತ ದೀಕ್ಷೆಯಾಗಿ ರೆಬೆಕಾ ಎಂಬ ಹೆಸರು ಬಂದಿತು. ರೋಲ್ಫನು ಅವಳನ್ನು ಮದುವೆಯಾಗಲು ಅನುಮತಿ ಬೇಡಿ ಅಧಿಕಾರಿ ಡೇಲನಿಗೆ ಉದ್ದವಾದ ಪತ್ರ ಬರೆದನು. 1614ರ ಏಪ್ರಿಲ್ 5ರಂದು ಮದುವೆ ನಡೆಯಿತು. ಇದರಿಂದ ಎರಡು ಕಡೆಯವರ ಕಾದಾಟ ನಿಂತು ಕೆಲವು ವರ್ಷ ನೆಮ್ಮದಿ ಇತ್ತು. ಹೊಗೆಸೊಪ್ಪಿನ ಸಾಗುವಳಿ ಹಬ್ಬಿದ್ದು ಈ ನೆಮ್ಮದಿಯ ವರ್ಷಗಳಲ್ಲೇ. ಎಂದರೆ, ಬೀಜದಷ್ಟೇ ಆ ಮದುವೆಯೂ ಬೆಳೆಗೆ ಆಧಾರವಾಯಿತು. ಆದರೆ ಸೆರೆಯಲ್ಲಿದ್ದ ಹೆಣ್ಣಿನ ಒಪ್ಪಿಗೆ ಎಷ್ಟು ಸ್ವತಂತ್ರವಾಗಿದ್ದೀತು ಎಂಬುದನ್ನು ಓದುಗರೇ ಯೋಚಿಸಬೇಕು.

ಇಲ್ಲಿ ನಮ್ಮ ತುಳುನಾಡಿನವರಿಗೆ ಬೇಗನೆ ಅರ್ಥವಾಗುವ ಒಂದು ವಿಷಯವಿದೆ. ಇಂಗ್ಲೆಂಡಿನವರು ಪೊಕಾಹೊಂಟಾಸಳನ್ನು ರಾಜಕುಮಾರಿಯೆಂದು ಬಗೆದರು. ಆದರೆ ಆ ಜನರಲ್ಲಿ ನಾಯಕತ್ವ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ನಾಯಕನ ನಂತರ ಅವನ ತಮ್ಮಂದಿರು, ಆಮೇಲೆ ಸಹೋದರಿಯರು, ಆಮೇಲೆ ಸಹೋದರಿಯರ ಮಕ್ಕಳು. ನಾಯಕನ ಸ್ವಂತ ಮಕ್ಕಳಿಗೆ ಹಕ್ಕಿಲ್ಲ. ನಮ್ಮ ಅಳಿಯಕಟ್ಟಿಗೆ ಇದು ಬಹಳ ಹತ್ತಿರ. 1618ರಲ್ಲಿ ಪೌಹಾಟನ್ ತೀರಿಕೊಂಡಾಗ ಯಜಮಾನಿಕೆ ತಮ್ಮನಿಗೆ ಹೋಯಿತು. ಮುಂದೆ ಒಪೆಚಾಂಕನೊ ಎಂಬ ಇನ್ನೊಬ್ಬ ತಮ್ಮನ ಕೈಗೆ ಬಂದಿತು. ಗುತ್ತಿನ ಮನೆಯ ಯಜಮಾನನ ಮಗಳನ್ನು ಮದುವೆಯಾದವನಿಗೆ ಗುತ್ತಿನ ಭೂಮಿ ಸಿಗುವುದಿಲ್ಲವೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಮಕ್ಕಳಕಟ್ಟಿನ ಇಂಗ್ಲಿಷರಿಗೆ ಅದು ತಿಳಿಯಲಿಲ್ಲ. ಒಂದೇ ಮದುವೆಯನ್ನು ಎರಡು ಕಡೆಯವರು ಎರಡು ಬಗೆಯ ಲೆಕ್ಕದಲ್ಲಿ ನೋಡಿದರು.

1615ರಲ್ಲಿ ದಂಪತಿಗಳಿಗೆ ಥಾಮಸ್ ಎಂಬ ಮಗ ಹುಟ್ಟಿದನು. 1616ರಲ್ಲಿ ಕಂಪನಿಯವರು ಈ ಸಂಸಾರವನ್ನು ಇಂಗ್ಲೆಂಡಿಗೆ ಕರೆಸಿಕೊಂಡು ಜನರಿಗೆ ತೋರಿಸಿದರು. ವಸಾಹತಿಗೆ ಹಣ ಕೂಡಿಸಲು ಅದೊಂದು ದಾರಿಯಾಗಿತ್ತು. ಮರಳಿ ಹೊರಟಾಗ, 1617ರ ಮಾರ್ಚಿಯಲ್ಲಿ, ಪೊಕಾಹೊಂಟಾಸ್ ಕಾಯಿಲೆ ಬಿದ್ದು ಗ್ರೇವ್ಸೆಂಡ್ ಎಂಬಲ್ಲಿ ತೀರಿಕೊಂಡಳು. ಅವಳಿಗೆ ಆಗ ಇಪ್ಪತ್ತು ವರ್ಷದ ಆಸುಪಾಸು. ಎರಡು ವರ್ಷದ ಮಗುವಿಗೂ ಸೌಖ್ಯವಿರಲಿಲ್ಲ. ರೋಲ್ಫನು ಅದನ್ನು ಇಂಗ್ಲೆಂಡಿನಲ್ಲೇ ಬಿಟ್ಟು ತನ್ನ ಬೆಳೆಯ ಕಡೆಗೆ ಹಿಂದಿರುಗಿದನು. ತಂದೆ ಮಗ ಮತ್ತೆ ಭೇಟಿಯಾಗಲಿಲ್ಲ.

ಬೆಲೆಯ ಏರಿಳಿತ

ರೋಲ್ಫ್ ಹಿಂದಿರುಗಿದ 1617ರಲ್ಲಿ ಜೇಮ್ಸ್‌ಟೌನಿನ ಬೀದಿಯಲ್ಲೂ ಸಂತೆಯ ಜಾಗದಲ್ಲೂ ಹೊಗೆಸೊಪ್ಪು ನೆಟ್ಟಿದ್ದರು. ಆ ವರ್ಷ ಇಂಗ್ಲೆಂಡಿಗೆ ಹೋದದ್ದು ಸುಮಾರು 20 ಸಾವಿರ ಪೌಂಡು, ಅಂದರೆ 9 ಸಾವಿರ ಕಿಲೋ. 1629–30ರ ಹೊತ್ತಿಗೆ ಅದು ಸುಮಾರು 15 ಲಕ್ಷ ಪೌಂಡಿಗೆ ಏರಿತು. ಬೆಲೆ ಏನಾಯಿತು? 1619ರಲ್ಲಿ ಉತ್ತಮ ದರ್ಜೆಯ ಎಲೆಗೆ ಪೌಂಡಿಗೆ 3 ಷಿಲಿಂಗ್, ಅಂದರೆ 36 ಪೆನ್ನಿ ಎಂದು ಗೊತ್ತುಮಾಡಿದ್ದರು. 1630ರಲ್ಲಿ ಒಂದು ಪೆನ್ನಿಗೂ ಕೇಳುವವರಿರಲಿಲ್ಲ.

ನೀವೇ ಲೆಕ್ಕ ಹಾಕಿ ನೋಡಿ. ಎಲ್ಲ ಎಲೆಯೂ ಉತ್ತಮ ದರ್ಜೆಯೆಂದೇ ಇಟ್ಟುಕೊಂಡರೆ 20 ಸಾವಿರ ಪೌಂಡಿಗೆ 36 ಪೆನ್ನಿಯಂತೆ 7 ಲಕ್ಷ 20 ಸಾವಿರ ಪೆನ್ನಿ. 15 ಲಕ್ಷ ಪೌಂಡಿಗೆ ಒಂದು ಪೆನ್ನಿಯಂತೆ 15 ಲಕ್ಷ ಪೆನ್ನಿ. ಬೆಳೆ 75 ಪಟ್ಟು ಹೆಚ್ಚಿದರೆ ಹುಟ್ಟುವಳಿ ಎರಡು ಪಟ್ಟಿನಷ್ಟು ಮಾತ್ರ. ಅದನ್ನು ಹಂಚಿಕೊಳ್ಳುವ ಬೆಳೆಗಾರರ ಸಂಖ್ಯೆಯಾದರೋ ಬಹುಪಾಲು ಹೆಚ್ಚಿತ್ತು.

ಇಂಥದು ನಮ್ಮ ಕಡೆಯೂ ನಡೆದಿದೆ. 2003ರ ಸುಮಾರಿಗೆ ವೆನಿಲ್ಲಾ ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಾರು ರೂಪಾಯಿಗೆ ಏರಿತು. ಬಳ್ಳಿಯ ತುಂಡಿಗೂ ಬೆಲೆ ಬಂದಿತು. ಒಂದೆರಡು ವರ್ಷಗಳಲ್ಲಿ ಬೆಲೆ ಕುಸಿದು, ಬಹಳ ತೋಟಗಳಲ್ಲಿ ಬಳ್ಳಿಯನ್ನು ಕೇಳುವವರೇ ಇಲ್ಲವಾದರು. ಮೊದಲು ನೆಟ್ಟವನಿಗೆ ಸಿಕ್ಕ ಬೆಲೆಯನ್ನು ನೋಡಿ ಕೊನೆಗೆ ನೆಟ್ಟವನು ಲೆಕ್ಕ ಹಾಕಿದರೆ ಹೀಗಾಗುತ್ತದೆ.

ವರ್ಜೀನಿಯಾದ ಅಧಿಕಾರಿಗಳಿಗೆ ಅಪಾಯ ಕಾಣಿಸದೇ ಇರಲಿಲ್ಲ. ಪ್ರತಿ ಬೇಸಾಯಗಾರನೂ ತನಗಾಗಿ ಮತ್ತು ತನ್ನ ಒಬ್ಬೊಬ್ಬ ಆಳಿಗಾಗಿ ಎರಡೆರಡು ಎಕರೆ ಮೆಕ್ಕೆಜೋಳ ಹಾಕದೆ ಹೊಗೆಸೊಪ್ಪು ನೆಡಬಾರದೆಂದು ಡೇಲನು ಕಟ್ಟಳೆ ಮಾಡಿದ್ದನು. ಈ ಕಟ್ಟಳೆಯನ್ನು ರೋಲ್ಫನೇ ತನ್ನ ಬರಹದಲ್ಲಿ ಮೆಚ್ಚಿ ದಾಖಲಿಸಿದ್ದಾನೆ. ಆದರೆ ಡೇಲ್ ಊರಿಗೆ ಹೋದ ಮೇಲೆ ಅದು ಸಡಿಲವಾಯಿತು.

ನೆಲ ಮತ್ತು ಆಳು

ಹೊಗೆಸೊಪ್ಪು ಮಣ್ಣಿನ ಸಾರವನ್ನು, ಅದರಲ್ಲೂ ಸಾರಜನಕ ಮತ್ತು ಪೊಟ್ಯಾಷನ್ನು, ಬಹಳವಾಗಿ ಹೀರುವ ಬೆಳೆ. ಹಟ್ಟಿಗೊಬ್ಬರ ಹಾಕದೆ ಒಂದೇ ಜಾಗದಲ್ಲಿ ಮೂರು ನಾಲ್ಕು ಬೆಳೆ ತೆಗೆದರೆ ಇಳುವರಿ ಬೀಳುತ್ತದೆ. ವರ್ಜೀನಿಯಾದವರು ಗೊಬ್ಬರ ಹಾಕುವ ಬದಲು ಹೊಸ ಕಾಡು ಕಡಿಯುತ್ತ ಹೋದರು. ಘಟ್ಟದ ತಪ್ಪಲಿನಲ್ಲಿ ಹಿಂದೆ ನಡೆಯುತ್ತಿದ್ದ ಕುಮೇರಿ ಬೇಸಾಯವನ್ನು ನೀವು ಕೇಳಿರಬಹುದು. ಕುಮೇರಿಯವರು ಬಿಟ್ಟ ನೆಲಕ್ಕೆ ವರ್ಷಗಟ್ಟಲೆ ಬಿಡುವು ಕೊಟ್ಟು ಮರಳಿ ಬರುತ್ತಿದ್ದರು, ಅದೂ ಹೊಟ್ಟೆಯ ಪಾಡಿಗೆ. ಇಲ್ಲಿ ಬೆಳೆದದ್ದು ಹಡಗಿಗೆ, ಅದಕ್ಕೆ ಮಿತಿ ಇರಲಿಲ್ಲ. 1618ರಿಂದ ಒಬ್ಬ ಮನುಷ್ಯನನ್ನು ವಸಾಹತಿಗೆ ಕರೆತಂದವನಿಗೆ 50 ಎಕರೆ ಜಮೀನು ಕೊಡುವ ಪದ್ಧತಿ ಬಂದಿತು. ಆ ಜಮೀನು ಪೊಕಾಹೊಂಟಾಸಳ ತವರಿನವರ ಜೋಳದ ಹೊಲ ಮತ್ತು ಬೇಟೆಯ ಕಾಡು.

ಎಲೆ ಬೆಳೆಗೆ ಆಳು ಹೆಚ್ಚು ಬೇಕು. ಸಸಿ ಕೀಳಬೇಕು, ನೆಡಬೇಕು, ಕಳೆ ತೆಗೆಯಬೇಕು, ಹುಳು ಹೆಕ್ಕಬೇಕು, ತುದಿ ಚಿವುಟಬೇಕು, ಎಲೆ ಪೋಣಿಸಬೇಕು. ಮೊದಲು ಇಂಗ್ಲೆಂಡಿನ ಬಡವರು ಹಡಗಿನ ಖರ್ಚಿಗಾಗಿ ನಾಲ್ಕರಿಂದ ಏಳು ವರ್ಷ ದುಡಿಯುವ ಕರಾರಿನಲ್ಲಿ ಬಂದರು. 1619ರ ಆಗಸ್ಟಿನಲ್ಲಿ ಆಫ್ರಿಕದಿಂದ ಸೆರೆಹಿಡಿದು ತಂದ ಇಪ್ಪತ್ತಕ್ಕೂ ಮಿಕ್ಕಿದ ಜನರನ್ನು ಒಂದು ಹಡಗು ಆಹಾರಕ್ಕೆ ಬದಲಾಗಿ ಅಲ್ಲಿ ಇಳಿಸಿಹೋಯಿತು. ಈ ಸಂಗತಿಯನ್ನು ಕಂಪನಿಯ ಮುಖ್ಯಸ್ಥನಿಗೆ ಪತ್ರದಲ್ಲಿ ತಿಳಿಸಿದವನು ರೋಲ್ಫನೇ. ಮುಂದಿನ ಎರಡೂವರೆ ಶತಮಾನ ಅಲ್ಲಿನ ಹೊಗೆಸೊಪ್ಪಿನ ತೋಟಗಳು ಗುಲಾಮರ ದುಡಿಮೆಯ ಮೇಲೆ ನಿಂತವು.

ನೆಲಕ್ಕಾಗಿ ಒತ್ತುವರಿ ಹೆಚ್ಚಿದಂತೆ ಮದುವೆಯಿಂದ ಬಂದ ನೆಮ್ಮದಿ ಮುರಿಯಿತು. 1622ರ ಮಾರ್ಚಿ 22ರಂದು ಒಪೆಚಾಂಕನೊವಿನ ಜನ ವಸಾಹತಿನ ಮೇಲೆ ಬಿದ್ದು 347 ಮಂದಿಯನ್ನು ಕೊಂದರು. ಇಂಗ್ಲಿಷರು ವರ್ಷಗಟ್ಟಲೆ ಸೇಡು ತೀರಿಸಿಕೊಂಡರು, ಮೂಲನಿವಾಸಿಗಳ ಜೋಳದ ಹೊಲಗಳನ್ನು ಸುಟ್ಟರು.

ಮಗ ಥಾಮಸ್ ಮತ್ತು ಅವನ ಸಂತತಿ

ರೋಲ್ಫನು ಜೇನ್ ಪಿಯರ್ಸ್ ಎಂಬವಳನ್ನು ಮೂರನೆಯ ಮದುವೆಯಾಗಿದ್ದನು. ಎಲಿಜಬೆತ್ ಎಂಬ ಮಗಳಿದ್ದಳು. 1622ರಲ್ಲೇ ಅವನು ತೀರಿಕೊಂಡನು. ಇಂಗ್ಲೆಂಡಿನಲ್ಲಿ ಥಾಮಸನನ್ನು ಸಾಕುತ್ತಿದ್ದವನು ಜಾನನ ಸಹೋದರ ಹೆನ್ರಿ. ಅಣ್ಣತಮ್ಮಂದಿರ ನಡುವಿನ ವ್ಯವಹಾರದಂತೆ, ಮಗುವಿನ ಖರ್ಚನ್ನು ಜಾನನ ಆಸ್ತಿಯಿಂದ ಕೊಡಿಸಬೇಕೆಂದು ಅವನು ಅದೇ ವರ್ಷ ಕಂಪನಿಗೆ ಅರ್ಜಿ ಹಾಕಿದನು. ಅಳಿಯಕಟ್ಟಿನ ಮನೆಯಾಗಿದ್ದರೆ ಸೋದರಮಾವ ನೋಡಿಕೊಳ್ಳಬೇಕಾದ ಮಗುವಿಗೆ ಅಲ್ಲಿ ತಂದೆಯ ಕಡೆಯವರೇ ಗತಿ.

1635ರ ಹೊತ್ತಿಗೆ ಥಾಮಸ್ ವರ್ಜೀನಿಯಾಕ್ಕೆ ಬಂದನು. 1641ರಲ್ಲಿ ತನ್ನ ತಾಯಿಯ ಸಹೋದರಿಯನ್ನೂ ಒಪೆಚಾಂಕನೊವನ್ನೂ ಕಾಣಲು ಅನುಮತಿ ಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿದನು. ಸ್ವಂತ ಬಂಧುಗಳನ್ನು ಕಾಣಲು ಅರ್ಜಿ ಬೇಕಾಗಿದ್ದ ಕಾಲವದು. ಮೂರು ವರ್ಷಗಳಲ್ಲಿ ಮತ್ತೆ ಯುದ್ಧ ಹತ್ತಿತು. 1646ರಲ್ಲಿ ವೃದ್ಧ ಒಪೆಚಾಂಕನೊ ಸೆರೆಸಿಕ್ಕಿ ಸೆರೆಯಲ್ಲೇ ಕೊಲೆಯಾದನು. ಅದೇ ವರ್ಷ ಥಾಮಸನಿಗೆ ಚಿಕಾಹೊಮಿನಿ ಹೊಳೆಯ ದಡದ ಒಂದು ಕೋಟೆಯೂ 400 ಎಕರೆ ಭೂಮಿಯೂ ಸಿಕ್ಕವು. ಮೂರು ವರ್ಷ ಅಲ್ಲಿ ಆರು ಕಾವಲುಗಾರರನ್ನು ಇಡಬೇಕೆಂಬುದು ಷರತ್ತು. ತಾಯಿಯ ಕುಲದವರ ವಿರುದ್ಧ ಕಟ್ಟಿದ ಕೋಟೆಯನ್ನು ಕಾಯುವ ಕೆಲಸ ಅವಳ ಮಗನಿಗೇ ಬಂದಿತು.

ಥಾಮಸನ ಮಗಳು ಜೇನ್ 1675ರಲ್ಲಿ ರಾಬರ್ಟ್ ಬೋಲಿಂಗ್ ಎಂಬವನನ್ನು ಮದುವೆಯಾದಳು. ಅವರ ಒಬ್ಬನೇ ಮಗನಿಂದ ದೊಡ್ಡ ಸಂತತಿ ಬೆಳೆಯಿತು. ಅಧ್ಯಕ್ಷ ವುಡ್ರೋ ವಿಲ್ಸನ್ನರ ಪತ್ನಿ ಎಡಿತ್ ಬೋಲಿಂಗ್ ಈ ವಂಶದವರು. 1924ರಲ್ಲಿ ವರ್ಜೀನಿಯಾ ಸರ್ಕಾರ ಬಿಳಿಯರು ಬೇರೆಯವರನ್ನು ಮದುವೆಯಾಗಬಾರದೆಂದು ಕಾನೂನು ಮಾಡಿತು. ಆಗ ಈ ಹಳೆಯ ಮನೆತನಗಳಿಗೆ ತೊಂದರೆಯಾಗದಂತೆ, ಹದಿನಾರರಲ್ಲಿ ಒಂದು ಪಾಲಿನವರೆಗೆ ಮೂಲನಿವಾಸಿ ರಕ್ತವಿದ್ದವರನ್ನೂ ಬಿಳಿಯರೆಂದೇ ಎಣಿಸಲು ಅವಕಾಶವಿಟ್ಟರು. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಂಥ ನಿಷೇಧಗಳನ್ನು ತಳ್ಳಿಹಾಕಿತು.

ನಮ್ಮ ಕರಾವಳಿಯ ಪಾಠ

ನಮ್ಮ ದೇಶಕ್ಕೆ ಹೊಗೆಸೊಪ್ಪು ತಂದವರು ಪೋರ್ಚುಗೀಸರು. 1604ರ ಸುಮಾರಿಗೆ ಅಕ್ಬರನ ಅಧಿಕಾರಿ ಅಸದ್ ಬೇಗ್ ಅದನ್ನು ಬಿಜಾಪುರದಿಂದ ಆಗ್ರಾಕ್ಕೆ ಒಯ್ದನು. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು. ಫಲವಾಗಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಕೆನರಾದ ಹೊಗೆಸೊಪ್ಪಿನ ವ್ಯಾಪಾರವನ್ನು ಕಂಪನಿ ಸರ್ಕಾರವೇ ತನ್ನ ಕೈಯಲ್ಲಿಟ್ಟುಕೊಂಡಿತ್ತು. ಭೂಕಂದಾಯದ ಜೊತೆಗೆ ಉಪ್ಪು, ಹೊಗೆಸೊಪ್ಪುಗಳ ಈ ಏಕಸ್ವಾಮ್ಯವೂ 1837ರ ಕಲ್ಯಾಣಪ್ಪನ ಕಾಟಕಾಯಿಯ ಕಾಲದಲ್ಲಿ ಜನರ ದೂರಾಗಿತ್ತು. ಬೆಳೆಯುವವನು ಅಲ್ಲಿ, ಕೊಳ್ಳುವವನು ಇಲ್ಲಿ. ಬೆಲೆ ಕಟ್ಟುವವನು ಎರಡೂ ಕಡೆ ಬೇರೊಬ್ಬ.

ಮುಖ್ಯಾಂಶಗಳು

1. ಹೊಸ ಬೆಳೆಗೆ ಕೈಹಾಕುವ ಮೊದಲು ತಳಿ ಯಾವುದು, ಬೀಜ ಎಲ್ಲಿಯದು, ಕೊಯ್ಲಿನ ನಂತರ ಹದ ಮಾಡುವ ಅನುಕೂಲ ನಿಮ್ಮಲ್ಲಿದೆಯೇ ಎಂದು ವಿಚಾರಿಸಿರಿ.

2. ಮನೆಗೆ ಬೇಕಾದ ಭತ್ತಕ್ಕೆ ಬೈಲು ಗದ್ದೆಯನ್ನಾದರೂ ಉಳಿಸಿಕೊಳ್ಳಿರಿ. ಬೆಟ್ಟು, ಮಜಲುಗಳಲ್ಲೂ ಒಂದೇ ಬೆಳೆಯನ್ನು ನೆಚ್ಚದೆ ತೆಂಗು, ಕರಿಮೆಣಸು, ಬಾಳೆ, ತರಕಾರಿ ಸೇರಿಸಿರಿ.

3. ಬೆಲೆ ಹೆಚ್ಚಿರುವ ವರ್ಷದ ದರದಲ್ಲಿ ಲೆಕ್ಕ ಹಾಕಬೇಡಿರಿ. ಕಡಿಮೆ ಇದ್ದ ವರ್ಷದ ದರದಲ್ಲಿ ಸಾಗುವಳಿ ಖರ್ಚು ಹುಟ್ಟುತ್ತದೆಯೇ ನೋಡಿರಿ.

4. ನೆಲದಿಂದ ತೆಗೆದ ಸಾರವನ್ನು ಹಟ್ಟಿಗೊಬ್ಬರ, ಸೊಪ್ಪುಗಳ ಮೂಲಕ ನೆಲಕ್ಕೇ ಮರಳಿಸಿರಿ. ಮಣ್ಣು ಪರೀಕ್ಷೆ ಮಾಡಿಸಿರಿ.

5. ಜಮೀನು ಕೂಡುಕುಟುಂಬದ್ದಾದರೆ ದೀರ್ಘಾವಧಿ ಬೆಳೆ ಹಾಕುವ ಮೊದಲು ಪಾಲುದಾರರೆಲ್ಲರ, ಅಕ್ಕ ತಂಗಿಯರದೂ ಸೇರಿದಂತೆ, ಒಪ್ಪಿಗೆ ಪಡೆಯಿರಿ. 1949ರ ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ಬಳಿಕ ಹಕ್ಕಿನ ಲೆಕ್ಕ ಹಿಂದಿನಂತಿಲ್ಲ.

6. ಹೊಗೆಸೊಪ್ಪು ಬದನೆಯ ದಾಯಾದಿಯೆಂದು ಆಗಲೇ ಹೇಳಿದೆ. ಒಣ ಎಲೆಯಲ್ಲೂ ಮೊಸಾಯಿಕ್ ನಂಜುರೋಗದ ವಿಷಾಣು ಬಹುಕಾಲ ಬದುಕಿರುತ್ತದೆ. ಬೀಡಿ ಕಟ್ಟಿದ, ಸೇದಿದ ಅಥವಾ ಹೊಗೆಸೊಪ್ಪು ಹಾಕಿಕೊಂಡ ಕೈಯಿಂದ ಟೊಮೆಟೊ, ಮೆಣಸಿನ ಸಸಿಗಳನ್ನು ಮುಟ್ಟಿದರೆ ರೋಗ ತಗಲುತ್ತದೆ. ಸಸಿಮಡಿಗೆ ಇಳಿಯುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ರೋಲ್ಫನು ಬುದ್ಧಿವಂತ ಬೇಸಾಯಗಾರನೆಂಬುದರಲ್ಲಿ ಸಂಶಯವಿಲ್ಲ. ಬೀಜ ಆರಿಸಿದನು, ಪ್ರಯೋಗ ಮಾಡಿದನು, ಪೇಟೆಯನ್ನು ಅರಿತನು. ಆದರೆ ಬೆಳೆ ಗೆದ್ದ ಹತ್ತು ವರ್ಷಗಳಲ್ಲಿ ಅವನ ಸಂಸಾರ ಚದುರಿತು, ಹೆಂಡತಿಯ ತವರಿನವರು ನೆಲ ಕಳೆದುಕೊಂಡರು, ದುಡಿದವರು ಸ್ವಾತಂತ್ರ್ಯ ಕಳೆದುಕೊಂಡರು. ಬೆಳೆಯ ಲಾಭವನ್ನು ಎಕರೆಯ ಇಳುವರಿಯಿಂದ ಮಾತ್ರ ಅಳೆಯಬಾರದು. ಅದು ಮನೆಯ ಅನ್ನವನ್ನೂ ನೆಲದ ಸಾರವನ್ನೂ ನೆರೆಹೊರೆಯ ಸಂಬಂಧವನ್ನೂ ಉಳಿಸಿತೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ಜಮೀನಿಗೆ ಹೊಂದುವ ಬೆಳೆ ಮತ್ತು ತಳಿಗಳ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಆಮೇಲೆ ಗುದ್ದಲಿ ಎತ್ತಿಕೊಳ್ಳಿರಿ.